ನಲವತ್ತಾರು ನಿಮಿಷದ ಶಟ್‌ಡೌನ್

ಗುರುನಾಥ ಹಂಚಿನಾಳನ ಮಾತು ಪ್ರತಿದಿನ ಸಂಜೆ ಏಳೂವರೆಗೆ ನಿಲ್ಲುತ್ತಿತ್ತು. ನಿಲ್ಲಿಸುವ ಕೆಲಸ ಅವನ ಹೆಂಡತಿ ಕಸ್ತೂರಿಯದು. ಹಾಸಿಗೆಯ ಪಕ್ಕದ ಮೇಜಿನ ಮುಂದೆ ಕೂತು, "ಇನ್ನ ಬಂದ್ ಮಾಡ್ಲೇನ್ರಿ?" ಎಂದು ಕೇಳುತ್ತಿದ್ದಳು. ಸ್ಪೀಕರಿನಿಂದ "ಹೂಂ, ಮಾಡು" ಎಂದು ಬಂದ ಮೇಲೆ ಮೌಸ್ ಒತ್ತುತ್ತಿದ್ದಳು. ಮರುದಿನ ಬೆಳಿಗ್ಗೆ ಆರಕ್ಕೆ ಕಂಪ್ಯೂಟರನ್ನು ಮತ್ತೆ ಹಚ್ಚಿದಾಗಲೇ ಗಂಡನ ದನಿ ಕೇಳುತ್ತಿದ್ದುದು.

ಗುರುನಾಥ ಇಪ್ಪತ್ತಾರು ವರ್ಷ ರೈಲು ಓಡಿಸಿದವನು. ಎರಡು ವರ್ಷದ ಹಿಂದೆ ಮೆದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿ, ಕಣ್ಣು, ಕಣ್ಣುರೆಪ್ಪೆ ಬಿಟ್ಟರೆ ಮೈಯಲ್ಲಿ ಯಾವುದೂ ಅವನ ಮಾತು ಕೇಳದಂತಾಗಿತ್ತು. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಹುಬ್ಬಳ್ಳಿಯ ಆಸ್ಪತ್ರೆಯವರು ಕೈಚೆಲ್ಲಿದ ಮೇಲೆ, ಧಾರವಾಡದ ಒಂದು ಪ್ರಯೋಗಾಲಯ ಅವನನ್ನು ತನ್ನ ಒಂಬತ್ತು ರೋಗಿಗಳಲ್ಲಿ ಒಬ್ಬನನ್ನಾಗಿ ಆರಿಸಿಕೊಂಡಿತು.

ಅಲ್ಲಿನ ವಿಜ್ಞಾನಿ ಡಾ. ನಫೀಸಾ ಮುಲ್ಲಾ ಮಾಡಿದ ಉಪಕರಣ ನೋಡಲು ದೊಡ್ಡದೇನಲ್ಲ. ಅಂಚೆಚೀಟಿಯಷ್ಟು ಅಗಲದ ತೆಳುವಾದ ಜಾಲರಿಯೊಂದನ್ನು ತಲೆಬುರುಡೆಯ ಒಳಗೆ, ಮೆದುಳಿನ ಮೇಲೆ ಇಟ್ಟಿದ್ದರು. ಮನುಷ್ಯ ಮಾತಾಡಬೇಕೆಂದುಕೊಂಡಾಗ ನಾಲಿಗೆಗೂ ಗಂಟಲಿಗೂ ಮೆದುಳಿನಿಂದ ಆಜ್ಞೆ ಹೊರಡುತ್ತದೆ. ಗುರುನಾಥನಲ್ಲಿ ಆ ದಾರಿ ಕಡಿದುಹೋಗಿತ್ತು, ಆಜ್ಞೆ ಮಾತ್ರ ಹೊರಡುತ್ತಲೇ ಇತ್ತು. ಜಾಲರಿ ಅದನ್ನು ಹಿಡಿದು, ಕಿವಿಯ ಹಿಂದಿನ ಪ್ಲಗ್ಗಿನಿಂದ ಒಂದು ವೈರಿನ ಮೂಲಕ ಮೇಜಿನ ಕೆಳಗಿದ್ದ ಸಾಧಾರಣ ಕಂಪ್ಯೂಟರಿಗೆ ಕಳಿಸುತ್ತಿತ್ತು. ಕಂಪ್ಯೂಟರು ಅದನ್ನು ವಾಕ್ಯ ಮಾಡುತ್ತಿತ್ತು. ಗುರುನಾಥ ಎರಡು ಸೆಕೆಂಡು ಕಣ್ಣು ಮುಚ್ಚಿ ತೆಗೆದರೆ ಆ ವಾಕ್ಯ ಸ್ಪೀಕರಿನಲ್ಲಿ ಕೇಳುತ್ತಿತ್ತು. ಕಣ್ಣು ಮುಚ್ಚದಿದ್ದರೆ ಒಳಗೇ ಉಳಿಯುತ್ತಿತ್ತು. ದನಿಯನ್ನು ಮಗಳ ಮದುವೆಯ ವಿಡಿಯೋದಿಂದ ಎತ್ತಿದ್ದರು. ಆ ವಿಡಿಯೋದಲ್ಲಿ ಅವನು ಪಂಕ್ತಿಯುದ್ದಕ್ಕೂ ಓಡಾಡುತ್ತ ಬೀಗರಿಗೆ ಊಟಕ್ಕೆ ಒತ್ತಾಯ ಮಾಡುತ್ತಿದ್ದ. ಹಾಗಾಗಿ ಈಗ "ಫ್ಯಾನ್ ಹಚ್ಚು" ಅಂದರೂ "ಇನ್ನೊಂದು ಹೋಳಿಗೆ ಹಾಕಿಸ್ಕೊಳ್ರಿ" ಅಂದಂತೆಯೇ ಇರುತ್ತಿತ್ತು.

ಜಾಲರಿ ಕಾವೇರುತ್ತದೆಂದು ದಿನವೂ ಹತ್ತು ತಾಸು ವಿಶ್ರಾಂತಿ ಕೊಡಲೇಬೇಕಿತ್ತು. ಕಂಪ್ಯೂಟರು ಪೂರ್ತಿ ಬಂದ್ ಆಗಿ, ಪ್ಲಗ್ಗಿನ ಹಸಿರು ದೀಪ ಆರುವವರೆಗೆ ವೈರು ಕೀಳುವಂತಿರಲಿಲ್ಲ. ಮೊದಮೊದಲು ಇದಕ್ಕೆಲ್ಲ ಒಂದು ನಿಮಿಷ ಸಾಕಾಗುತ್ತಿತ್ತು. ಆರು ತಿಂಗಳಲ್ಲಿ ಹತ್ತಾಯಿತು, ಆಮೇಲೆ ಇಪ್ಪತ್ತಾಯಿತು. ಕಸ್ತೂರಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಹಳೇ ನೋಟುಬುಕ್ಕಿನಲ್ಲಿ ದಿನವೂ ಹೊತ್ತು ಬರೆದಿಟ್ಟಳು. ಶ್ರಾವಣದ ಹೊತ್ತಿಗೆ ಬಂದ್ ಆಗಲು ನಲವತ್ತಾರು ನಿಮಿಷ, ಬೆಳಿಗ್ಗೆ ಎದ್ದು ಮಾತು ಹೊರಡಲು ಐವತ್ತೊಂದು.

"ಡಿಸ್ಕ್ ತುಂಬಿರಬೇಕು ನೋಡ್ರಿ" ಎಂದರು ನಫೀಸಾ ಫೋನಿನಲ್ಲಿ. ಕಸ್ತೂರಿ ಅವರು ಹೇಳಿದ್ದನ್ನೆಲ್ಲ ಮಾಡಿದಳು. ಬೇಡದ ಪ್ರೋಗ್ರಾಮುಗಳನ್ನು ತೆಗೆದಳು, ವೈರಸ್ ಇದೆಯೇ ಎಂದು ಹುಡುಕಿಸಿದಳು, ಪ್ರಿಂಟರಿನ ವೈರು ಕಿತ್ತಳು, ಹೊಸ ಅಪ್ಡೇಟ್ ಹಾಕಿದಳು. ಎರಡು ನಿಮಿಷ ಕಡಿಮೆಯಾಯಿತು. ವಾರದೊಳಗೆ ಅದೂ ಮತ್ತೆ ಏರಿತು.

ನಫೀಸಾ ಗುರುವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ನಲವತ್ತರ ಒಳಗಿನ ವಯಸ್ಸು, ನಗುಮುಖ. ಅವರು ಬಂದಾಗ ಗುರುನಾಥ ಅರ್ಧ ತಾಸು ಮಾತಾಡುತ್ತಿದ್ದ. ಸಿಗ್ನಲ್ಲಿನ ಬಗ್ಗೆ, ಘಾಟಿನಲ್ಲಿ ಬ್ರೇಕ್ ಹಿಡಿಯುವ ಬಗ್ಗೆ, ಮಿರಜಿನ ಕ್ಯಾಂಟೀನಿನಲ್ಲಿ ತಿಂದ ಖಾರದ ಮಿಸಳದ ಬಗ್ಗೆ. ಕಸ್ತೂರಿ ಚಹಾ ತಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ತನ್ನ ಪಾಲಿಗೆ ಬರುತ್ತಿದ್ದದ್ದು "ದಿಂಬು", "ನೀರು", "ಬೆನ್ನು ತುರಿಸ್ತೈತಿ". ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಮಿರಜಿನ ಮಿಸಳದ ಸುದ್ದಿ ಅವಳಿಗೆ ಗೊತ್ತೇ ಇರಲಿಲ್ಲ.

"ನಫೀಸಾ ಮೇಡಂ ಬಂದ್ರ ಭಾರೀ ಮಾತ ಬರ್ತಾವ ನಿಮಗ" ಎಂದಳು ಒಮ್ಮೆ.

"ಅವರು ಪರೀಕ್ಷೆ ಮಾಡ್ತಾರ. ಮಾತಾಡಬೇಕಾಗ್ತೈತಿ" ಎಂದಿತು ಸ್ಪೀಕರು.

"ನಾನೂ ಪರೀಕ್ಷೆ ಮಾಡಾಕಿನ. ಮೂವತ್ತು ವರ್ಷದಿಂದ ಪೇಪರ್ ತಿದ್ದಾಕತ್ತೀನಿ."

ಅವನು ಕಣ್ಣು ಮುಚ್ಚಲಿಲ್ಲ. ಒಳಗೆ ಏನೋ ಉತ್ತರ ಹುಟ್ಟಿತೆಂದೂ ಅದನ್ನು ಅವನು ಒಳಗೇ ಇಟ್ಟುಕೊಂಡನೆಂದೂ ಕಸ್ತೂರಿಗೆ ತಿಳಿಯಿತು.

ಮುಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಕಂಪ್ಯೂಟರಿನ ಡಬ್ಬಿಯನ್ನು ಹಳೇ ಇಳಕಲ್ ಸೀರೆಯಲ್ಲಿ ಸುತ್ತಿ, ಧಾರವಾಡದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದಳು. ಗುರುನಾಥನ ಹತ್ತಿರ ಅವನ ಅಕ್ಕ ಕೂತಿದ್ದಳು. ಪ್ರಯೋಗಾಲಯದ ಒಂದು ಗೋಡೆಯ ಮೇಲೆ ಒಂಬತ್ತು ಸಣ್ಣ ದೀಪಗಳಿದ್ದವು, ಒಬ್ಬೊಬ್ಬ ರೋಗಿಗೆ ಒಂದೊಂದು; ಆ ರೋಗಿಯ ಕಂಪ್ಯೂಟರು ನಡೆಯುವಷ್ಟು ಹೊತ್ತು ಉರಿಯುತ್ತಿದ್ದವು. ಗುರುನಾಥನದು ಆರಿತ್ತು. ನಫೀಸಾ ಡಬ್ಬಿಗೆ ವೈರುಗಳನ್ನು ಚುಚ್ಚಿ, ಸಾಲುಸಾಲಾಗಿ ಬರಹವಿದ್ದ ಒಂದು ಪರದೆ ತೆರೆದರು.

"ಬಂದ್ ಆಗೂ ಮುಂದ ಯಾವ ಕೆಲಸಕ್ಕ ಎಷ್ಟ ಹೊತ್ತು ಹಿಡಿತು ಅಂತ ಕಂಪ್ಯೂಟರ್ ತಾನ ಬರದಿಟ್ಟಿರ್ತೈತಿ, ಕಸ್ತೂರಿ ಮೇಡಂ. ಇಲ್ಲಿ ನೋಡ್ರಿ. ಬಾಕಿ ಎಲ್ಲಾ ಎರಡ ನಿಮಿಷದಾಗ ಮುಗಿದಾವ. ಇದೊಂದಕ್ಕ ನಲವತ್ನಾಕು."

"ಏನದು?"

"ಕಳಿಸದ ಮಾತು. ಅವರು ಮನಸಿನ್ಯಾಗ ವಾಕ್ಯ ಮಾಡಿ, ಕಣ್ಣ ಮುಚ್ಚಲಾರದ ಬಿಟ್ಟದ್ದು. ಅವರ ಮಾತಿನ ಧಾಟಿ ಕಲಿಲಿಕ್ಕೆ ಬೇಕಾಗ್ತೈತಿ ಅಂತ ಶುರುವಿನ್ಯಾಗ ಅವನ್ನ ಉಳಿಸಿಕೊಂಡ್ವಿ. ದಿನಾ ಬಂದ್ ಆಗೂ ಮುಂದ ಯಾರಿಗೆ ಹೇಳೂ ಮಾತು ಯಾವುದು ಅಂತ ಬ್ಯಾರೆ ಬ್ಯಾರೆ ಮಾಡಿ ಇಡತೈತಿ. ಎದ್ದ ಮ್ಯಾಲೆ ಎಲ್ಲಾ ತಗದು ಮತ್ತ ಓದತೈತಿ. ಉಳಿದ ಎಂಟು ಮಂದಿಗೆ ನೂರು, ಇನ್ನೂರು ವಾಕ್ಯ. ಇಷ್ಟು ಯಾರದೂ ಇಲ್ಲ."

"ಯಾರಿಗೆ ಹೇಳೂ ಮಾತು ಅಂತ ಅದಕ್ಕ ಹೆಂಗ ತಿಳಿತೈತಿ?"

"ಹೆಂಡ್ತಿ ಜೋಡಿ ಮಾತಾಡೂ ಮುಂದ ಒಂದು ಧಾಟಿ, ಸಾಹೇಬರ ಜೋಡಿ ಇನ್ನೊಂದು. ಮೆದುಳಿನ್ಯಾಗ ಆ ವ್ಯತ್ಯಾಸ ಕಾಣಸತೈತಿ. ಆದ್ರ ಹೆಸರು ತಿಳಿಯೂದಿಲ್ಲ. ಒಮ್ಮೆಯರ ಅವರು ಹೆಸರ ಹಿಡದು ಕರದ್ರ ಹೆಸರು ಹತ್ತತೈತಿ."

ಪರದೆಯ ಮೇಲೆ ಸಾಲುಗಳಿದ್ದವು. ಕಸ್ತೂರಿ: ಇನ್ನೂರ ಹನ್ನೆರಡು. ಮಗಳು: ನೂರ ಅರವತ್ತು. ಡಾಕ್ಟರ್: ಮೂವತ್ತೊಂದು. ಅದರ ಕೆಳಗೆ ಹೆಸರಿಲ್ಲದ ಒಂದು ಸಾಲು. ಹೆಣ್ಣು ಎಂದಿಷ್ಟೇ ಬರೆದಿತ್ತು. ಹದಿನಾಲ್ಕು ಸಾವಿರದ ಮುನ್ನೂರ ಆರು.

ಕಸ್ತೂರಿ ಆ ಅಂಕಿಯನ್ನು ಎರಡು ಸಲ ಓದಿದಳು. ನಫೀಸಾ ಅವರ ಮೇಲೆ ಇಷ್ಟು ದಿನ ಹೊತ್ತಿದ್ದ ಸಿಟ್ಟು ಇದರ ಮುಂದೆ ಮಕ್ಕಳಾಟಿಕೆಯಾಯಿತು.

"ತಗದು ತೋರಸ್ರಿ."

"ಆಗೂದಿಲ್ಲ ಮೇಡಂ. ಅವರ ಒಪ್ಪಿಗಿ ಇಲ್ಲದ ನಾನೂ ಓದೂ ಹಂಗಿಲ್ಲ. ಮನಸಿನ್ಯಾಗಿಂದು ಅದು."

"ನನ್ನ ಗಂಡನ ಮನಸು."

"ಹೌದು" ಎಂದರು ನಫೀಸಾ ಮೆಲ್ಲಗೆ, "ಆದ್ರೂ ಅವರದು." ಡಿಸ್ಕ್ ಬದಲಿಸಿ ವೇಗದ್ದು ಹಾಕುವುದಾಗಿಯೂ, ಗುರುನಾಥ ಒಪ್ಪಿದರೆ ಆ ಮಾತುಗಳನ್ನು ಅಳಿಸಿಬಿಟ್ಟರೆ ಶಟ್‌ಡೌನ್ ಮತ್ತೆ ಒಂದೇ ನಿಮಿಷಕ್ಕೆ ಬರುವುದಾಗಿಯೂ ಹೇಳಿದರು. ಬರುವ ಗುರುವಾರ ತಾವೇ ಬಂದು ಕೇಳುತ್ತೇನೆ ಎಂದರು.

ಕಸ್ತೂರಿ ಡಬ್ಬಿಯನ್ನು ಮರಳಿ ಮನೆಗೆ ತಂದಳು. ಗುರುವಾರಕ್ಕೆ ಐದು ದಿನವಿತ್ತು. ಆ ಐದು ದಿನ ಕಸ್ತೂರಿ ಬೇರೆಯೇ ಹೆಂಗಸಾದಳು. ಕಪಾಟಿನಲ್ಲಿದ್ದ ಗಂಡನ ಹಳೇ ಫೋನಿಗೆ ಚಾರ್ಜ್ ಹಾಕಿ ನಂಬರುಗಳನ್ನು ಒಂದೊಂದಾಗಿ ನೋಡಿದಳು. ಲೋಂಡಾ, ಮಿರಜ, ಗುಂತಕಲ್ಲು, ಹೀಗೆ ರಾತ್ರಿ ತಂಗುತ್ತಿದ್ದ ಊರುಗಳನ್ನೆಲ್ಲ ನೆನಪು ಮಾಡಿಕೊಂಡಳು. ಲೋಂಡಾದಲ್ಲಿ ಒಬ್ಬಳು ನರ್ಸು ಚಟ್ನಿಪುಡಿ ಕಳಿಸಿದ್ದು ನೆನಪಾಯಿತು. ಆ ಚಟ್ನಿಪುಡಿಯನ್ನು ತಾನೇ ಬಾಯಿ ಚಪ್ಪರಿಸಿ ತಿಂದಿದ್ದೂ ನೆನಪಾಯಿತು. ಗಂಡನಿಗೆ ನಳಿಕೆಯಲ್ಲಿ ಗಂಜಿ ಹಾಕುವಾಗ, ಮೈ ಒರೆಸುವಾಗ, ಈಗಲೂ ಒಳಗೆ ಆಕೆಯ ಜೊತೆಗೇ ಮಾತಾಡುತ್ತಿದ್ದಾನೆ ಅನ್ನಿಸುತ್ತಿತ್ತು. ತಾನು ಒರೆಸುತ್ತಿರುವ ಮೈ ತನ್ನ ಪಾಲಿನದು, ಮಾತು ಇನ್ಯಾರದೋ ಪಾಲಿನದು. ಶಟ್‌ಡೌನಿನ ಆ ಮುಕ್ಕಾಲು ತಾಸು ಹಸಿರು ದೀಪ ನೋಡುತ್ತ ಕೂತರೆ, ಮುಚ್ಚಿದ ಬಾಗಿಲ ಹೊರಗೆ ಕಾಯಲು ಕೂರಿಸಿದಂತಾಗುತ್ತಿತ್ತು.

ಬುಧವಾರ ಬೆಳಿಗ್ಗೆ ಆರಕ್ಕೆ ಅವಳು ಬಟನ್ ಒತ್ತಲಿಲ್ಲ.

ಗುರುನಾಥ ಎಚ್ಚರವಾಗಿದ್ದ. ಅವಳನ್ನು ನೋಡಿದ, ಮೇಜಿನ ಕಡೆ ನೋಡಿದ, ಮತ್ತೆ ಅವಳನ್ನು ನೋಡಿದ. "ಇರ್ಲಿ ತಡೀರಿ, ಏನ ಅವಸರ" ಎಂದು ಕಸ್ತೂರಿ ಹಿತ್ತಲಿಗೆ ಹೋದಳು. ಚಹಾದ ಬಟ್ಟಲು ಹಿಡಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಆಕೆಯೂ ಕಾಯಲಿ ಎಂದುಕೊಂಡಳು. ಹಾಗೆ ಇಪ್ಪತ್ತು ನಿಮಿಷ ಕೂತಳು. ಬಿಸಿಲು ಗೋಡೆಯ ಮೇಲಿಂದ ಇಳಿದು ಕಾಲಿನ ಹತ್ತಿರ ಬಂತು. ಆಮೇಲೆ ಒಳಗೆ ಬಂದಾಗ ಗುರುನಾಥನ ಮುಖ ನೀಲಿಗಟ್ಟಿತ್ತು.

ಗಂಟಲಿಗೆ ಕಫ ಅಡರಿತ್ತು. ರಾತ್ರಿ ಅಂಥದ್ದಾದರೆ ಪಕ್ಕದಲ್ಲೇ ಮಲಗಿರುತ್ತಿದ್ದ ಅವಳಿಗೆ ಗೊರಗೊರ ಶಬ್ದಕ್ಕೇ ಎಚ್ಚರವಾಗುತ್ತಿತ್ತು. ಬೆಳಿಗ್ಗೆ ಯಂತ್ರ ಏಳುವವರೆಗೂ ಅವಳು ಹಾಸಿಗೆಯ ಬದಿ ಬಿಟ್ಟು ಏಳುತ್ತಿರಲಿಲ್ಲ. ಕಸ್ತೂರಿ ಅವನನ್ನು ಹೊರಳಿಸಿ, ಕಫ ಎಳೆಯುವ ಯಂತ್ರದ ನಳಿಕೆಯನ್ನು ಬಾಯಿಗೆ ಹಾಕಿದಳು. ಎರಡು ಸಲ ನಳಿಕೆ ಜಾರಿತು. ಮೂರನೆಯ ಸಲ ಕಫ ಬಂತು, ಉಸಿರೂ ಬಂತು. ಅವನು ಕಣ್ಣು ತೆರೆದು ಅವಳನ್ನೇ ನೋಡಿದ. ಅವಳು ನೆಲದ ಮೇಲೆ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ನಫೀಸಾ ಸುದ್ದಿ ಕೇಳಿ ಒಂದು ದಿನ ಮೊದಲೇ, ಅಂದೇ ಹನ್ನೊಂದಕ್ಕೆ ಬಂದರು. ಕಸ್ತೂರಿ ಏನನ್ನೂ ಮುಚ್ಚಿಡಲಿಲ್ಲ.

"ನಾನ ಬೇಕಂತ ಮಾಡಿದ್ದು. ಹೊಟ್ಟಿಕಿಚ್ಚು. ಯಾರ ಮ್ಯಾಲೆ ಅಂತ ನಿಮಗ ಗೊತ್ತೈತಿ."

ನಫೀಸಾ ಚೀಲದಿಂದ ಕರೆಗಂಟೆಯೊಂದನ್ನು ತೆಗೆದು, ಕಂಪ್ಯೂಟರಿನ ಹಂಗಿಲ್ಲದೆ ಬರೀ ಕಣ್ಣುರೆಪ್ಪೆಯಿಂದ ಬಾರಿಸುವಂತೆ ಹಾಸಿಗೆಗೆ ಕಟ್ಟಿದರು. "ಇದನ್ನ ಮೊದಲೇ ಮಾಡಬೇಕಿತ್ತು. ಇದು ನಂದೂ ತಪ್ಪು" ಎಂದರು. ಹೊಸ ಡಿಸ್ಕ್ ಹಾಕಿ ಯಂತ್ರ ಎಬ್ಬಿಸಿದರು. ಡಿಸ್ಕ್ ಹೊಸದಾದರೂ ಅದು ಏಳಲು ಮೂವತ್ತು ನಿಮಿಷ ಹಿಡಿಯಿತು. ಆಮೇಲೆ ಗುರುನಾಥನನ್ನು ಕೇಳಿದರು: "ಹಂಚಿನಾಳ ಅವರ, ಕಳಿಸದ ಮಾತು ಬಹಳ ಕೂಡ್ಯಾವ. ಅದರಿಂದ ಯಂತ್ರ ತಡಾ ಆಗಾಕತ್ತೈತಿ. ಅಳಿಸಿಬಿಡ್ಲೇನು?"

ಅವನು ಕೂಡಲೇ ಕಣ್ಣು ಮುಚ್ಚಿ ತೆಗೆದ. "ಬ್ಯಾಡ. ಅಳಸಬ್ಯಾಡ್ರಿ."

ಬೆಳಗಿನ ಪಶ್ಚಾತ್ತಾಪವೆಲ್ಲ ಒಂದೇ ಗಳಿಗೆಯಲ್ಲಿ ಕಸ್ತೂರಿಯ ಎದೆಯಿಂದ ಇಳಿದುಹೋಯಿತು. "ಯಾರ್ರಿ ಆಕಿ?" ಎಂದಳು. ದನಿ ಏರಿತು. "ನಫೀಸಾ ಮೇಡಂ ಇಲ್ಲೇ ಇರ್ಲಿ. ಹೇಳ್ರಿ. ಹದಿನಾಕು ಸಾವಿರ ಮಾತು! ನನಗ ಇನ್ನೂರು. ಯಾರ ಆಕಿ?"

ಸ್ಪೀಕರಿನಿಂದ ಬಿಟ್ಟು ಬಿಟ್ಟು ಮಾತು ಬಂತು.

"ಹೆಸರು ಗೊತ್ತಿಲ್ಲ."

"ಏನ?"

"ಹನ್ನೊಂದು ವರ್ಷ ಆತು. ಅಳ್ನಾವರ ದಾಟಿ ತಿರುವು. ಪ್ಯಾಸೆಂಜರ್ ಗಾಡಿ, ಮುಂಜಾನೆ ಎಂಟು. ತಲಿ ಮ್ಯಾಲೆ ಹುಲ್ಲಿನ ಹೊರಿ ಹೊತ್ತು ಹಳಿ ದಾಟಾಕತ್ತಿದ್ಲು. ಹಾರ್ನ್ ಹೊಡದೆ. ಬ್ರೇಕ್ ಹಾಕಿದೆ. ಗಾಡಿ ನಿಲ್ಲೂದಿಲ್ಲ ಕಸ್ತೂರಿ, ಅಷ್ಟ ಜಲ್ದಿ ಯಾವ ಗಾಡೀನೂ ನಿಲ್ಲೂದಿಲ್ಲ. ಆಕಿ ತಿರುಗಿ ನನ್ನ ನೋಡಿದ್ಲು."

ಕಸ್ತೂರಿ ಮಂಚದ ಕಾಲು ಹಿಡಿದುಕೊಂಡಳು.

"ಪೊಲೀಸ್ರು ಬಂದು ಬರಕೊಂಡ್ರು. ಇಪ್ಪತ್ತು ನಿಮಿಷಕ್ಕ ಗಾಡಿ ಬಿಟ್ರು. ಮನಿಗೆ ಬಂದೆ, ಉಂಡೆ, ಮಲಗಿದೆ. ಆವತ್ತಿಂದ ಆಕಿಗೆ ಹೇಳಾಕತ್ತೀನಿ. ಹಾರ್ನ್ ತಡಾ ಆತೇನು ಅಂತ ಕೇಳಾಕತ್ತೀನಿ. ಈಗ ಕೆಲಸಿಲ್ಲ, ಕೈಕಾಲಿಲ್ಲ. ದಿನಾ ಆಕಿ ಜೋಡಿನ."

ಮದುವೆಮನೆಯ ಉಪಚಾರದ ದನಿಯಲ್ಲೇ ಈ ಮಾತುಗಳು ಬಂದವು. ನಫೀಸಾ ಕಿಟಕಿಯ ಕಡೆ ತಿರುಗಿ ನಿಂತಿದ್ದರು.

"ನನಗ್ಯಾಕ ಹೇಳಲಿಲ್ಲ?" ಎಂದಳು ಕಸ್ತೂರಿ.

"ಹೆಂಗ ಹೇಳೂದು ಗೊತ್ತಾಗಲಿಲ್ಲ."

"ಆಕಿಗೆ ಹೇಳಾಕ ಗೊತ್ತಾತು."

ನಫೀಸಾ ಹತ್ತಿರ ಬಂದರು. "ಆ ಮಾತು ದನಿ ತಗದು ಹೇಳಿಬಿಟ್ರ ಸಾಲಿನಿಂದ ತಾನ ಹೊರಗ ಹೋಗತಾವ. ಅಳಸೂದು ಬ್ಯಾಡ. ನೀವು ಹೇಳ್ತೀರೇನು?"

"ಹೆಸರಿಲ್ಲದ ಹೆಂಗ ಕರೀಲಿ?" ಎಂದಿತು ಸ್ಪೀಕರು.

ಆ ರಾತ್ರಿ ಕಸ್ತೂರಿ ಒಂದು ವಿಷಯವನ್ನು ಎಷ್ಟು ಹೊರಳಾಡಿದರೂ ದಾಟಲಾರದೆ ಹೋದಳು. ಹನ್ನೊಂದು ವರ್ಷದ ಹಿಂದೆ ಆ ದಿನ ಅವನು ಬಂದು ಉಂಡು ಮಲಗಿದ್ದ. ತಾನೇ ಬಡಿಸಿರಬೇಕು. ಏನು ಮಾಡಿದ್ದೆ, ಅವನು ಏನಂದ, ಒಂದೂ ನೆನಪಿರಲಿಲ್ಲ. ಸತ್ತವಳ ಮೇಲೆ ಹೊಟ್ಟೆಕಿಚ್ಚುಪಡುವುದು ಪಾಪ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಅದು ಹೋಗಲಿಲ್ಲ. ಲೋಂಡಾದ ನರ್ಸಾಗಿದ್ದರೆ ಹೋಗಿ ಜಗಳವಾಡಬಹುದಿತ್ತು, ಇವಳ ಜೊತೆ ಹೇಗೆ ಜಗಳವಾಡುವುದು?

ಭಾನುವಾರ ಗಂಡನ ಅಕ್ಕನನ್ನು ಮನೆಯಲ್ಲಿ ಬಿಟ್ಟು ಕಸ್ತೂರಿ ಅಳ್ನಾವರಕ್ಕೆ ಹೋದಳು. ಕಿಲೋಮೀಟರ್ ಕಲ್ಲಿನ ನಂಬರನ್ನು ಗುರುನಾಥ ಮರೆತಿರಲಿಲ್ಲ. ರೈಲ್ವೆ ಗೇಟಿನವನು ಹೊಸಬ, ಆದರೂ ಊರು ತೋರಿಸಿದ. ಹಳಿಯಿಂದ ಅರ್ಧ ಮೈಲು ದೂರ, ಇಪ್ಪತ್ತು ಮೂವತ್ತು ಮನೆಯ ಊರು. ಎಮ್ಮೆಗೆ ನೀರು ಕುಡಿಸುತ್ತಿದ್ದ ಒಬ್ಬ ಹೆಂಗಸು ಕಸ್ತೂರಿ ಕೇಳಿದ್ದನ್ನು ಕೇಳಿ ಬಕೀಟು ಕೆಳಗಿಟ್ಟಳು.

"ನಮ್ಮಕ್ಕರಿ. ಫಕೀರವ್ವ." ಕಸ್ತೂರಿ ಚೀಲ ಹಿಡಿದ ರೀತಿ ನೋಡಿ, "ನೀವು ಸಾಲಿ ಅಕ್ಕೋರೇನ್ರಿ?" ಎಂದಳು.

"ಹೌದವಾ. ನಾನು..." ಕಸ್ತೂರಿ ಚೀಲವನ್ನು ಕೆಳಗಿಟ್ಟಳು. "ಆ ಗಾಡಿ ಓಡಿಸಿದವರು ನಮ್ಮ ಮನಿಯವರು."

ಹೆಂಗಸು ಬೈಯುತ್ತಾಳೆಂದು ಕಸ್ತೂರಿ ಕಾದಳು. "ಒಳಗ ಬರ್ರಿ" ಎಂದಳು ಅವಳು. ನೀರು, ಬೆಲ್ಲ ಕೊಟ್ಟಳು. "ಅಕ್ಕಗ ಕಿವಿ ಮಂದ ಇತ್ತರಿ, ಸಣ್ಣಾಕಿದ್ದಾಗ ಜ್ವರ ಬಂದು ಹೋಗಿದ್ವು. ಹಳಿ ಸನೇಕ ಒಬ್ಬಾಕಿ ಹೋಗಬ್ಯಾಡ ಅಂತ ದಿನಾ ಹೇಳತಿದ್ವಿ. ಕೇಳತಿದ್ದಿಲ್ಲ. ಹಳಿ ನಡುಗಿದ್ರ ಕಾಲಿಗೆ ಗೊತ್ತಾಗತೈತಿ ಅಂತಿದ್ಲು."

"ಹಾರ್ನ್...?"

"ಊರಿಗೆಲ್ಲಾ ಕೇಳಿತ್ತರಿ ಅದು. ಎಷ್ಟ ಹೊತ್ತು ಹೊಡದ್ರು ಪಾಪ. ಆಕಿಗೆ ಮಾತ್ರ ಕೇಳಲಿಲ್ಲ."

ಗೋಡೆಯ ಮೇಲೆ ಫೋಟೋ ಇತ್ತು. ಕಸ್ತೂರಿ ಎದ್ದು ಹತ್ತಿರ ಹೋಗಿ ನೋಡಿದಳು. ದೊಡ್ಡ ಮೂಗುತಿ, ಅಗಲವಾದ ಹಣೆ, ಕ್ಯಾಮೆರಾದ ಮುಂದೆ ಬಿಗಿದುಕೊಂಡ ತುಟಿ. ಚೆಲುವೆಯೂ ಅಲ್ಲ, ಕುರೂಪಿಯೂ ಅಲ್ಲ. ತನ್ನದೇ ವಯಸ್ಸು. ಈ ಕಣ್ಣು ಅವನನ್ನು ಬಹಳವೆಂದರೆ ನಾಲ್ಕು ಸೆಕೆಂಡು ನೋಡಿರಬೇಕು. ತಾನು ಇಪ್ಪತ್ತೆಂಟು ವರ್ಷದಿಂದ ನೋಡುತ್ತಿದ್ದೇನೆ. ಆ ಲೆಕ್ಕವನ್ನು ಯಾವ ಬೋರ್ಡಿನ ಮೇಲೂ ಬಿಡಿಸಲಾಗದೆಂದು ಗಣಿತದ ಟೀಚರಿಗೆ ತಿಳಿಯಿತು. ಕೈ ಮುಗಿಯಬೇಕೋ ಬೇಡವೋ ಎಂದು ಅನುಮಾನಿಸಿ ಕೊನೆಗೆ ಮುಗಿದಳು.

ಸಂಜೆ ಐದಕ್ಕೆ ಮನೆಗೆ ಬಂದು, ಕಾಲು ತೊಳೆದು, ಗಂಡನ ಪಕ್ಕ ಕೂತಳು.

"ಫಕೀರವ್ವ ಅಂತ. ಕಿವಿ ಕೇಳತಿದ್ದಿಲ್ಲ. ಹಾರ್ನ್ ಇಡೀ ಊರಿಗೆ ಕೇಳಿತ್ತಂತ. ನೀವು ತಡಾ ಮಾಡಿಲ್ಲ."

ಗುರುನಾಥನ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ಪ್ಲಗ್ಗಿಗೆ ತಾಗೀತೆಂದು ಕಸ್ತೂರಿ ಸೆರಗಿನಿಂದ ಒರೆಸಿದಳು. ಏನಾದರೂ ಹೇಳುತ್ತಾನೆಂದು ಕಾದಳು. ಕೊನೆಗೆ ಸ್ಪೀಕರು ಹೇಳಿತು:

"ನೀ ಸ್ವಲ್ಪ ಹೊರಗ ಕೂಡ್ತೀಯೇನು?"

ಎರಡು ಬಸ್ಸು ಬದಲಿಸಿ, ಬಿಸಿಲಲ್ಲಿ ನಡೆದು, ಆಕೆಯ ಹೆಸರು ತಂದುಕೊಟ್ಟವಳು ತಾನು. ಈಗ ಹೊರಗೆ ಹೋಗಬೇಕಾದವಳೂ ತಾನೇ. ಆದರೂ ಎದ್ದಳು. ಬಾಗಿಲನ್ನು ತಾನೇ ಎಳೆದುಕೊಂಡಳು.

ಅಂದಿನಿಂದ ದಿನವೂ ಸಂಜೆ ಐದರಿಂದ ಆರು, ಕಸ್ತೂರಿ ಕಟ್ಟೆಯ ಮೇಲೆ ಕೂತು ಮೆಂತೆಸೊಪ್ಪು ಸೋಸುವಳು, ಪೇಪರು ತಿದ್ದುವಳು. ಒಳಗಿನಿಂದ ದನಿ ಕೇಳಿಸುತ್ತಿತ್ತು, ಮಾತು ಬಿಡಿಸಿ ಕೇಳಿಸುತ್ತಿರಲಿಲ್ಲ. ಕಿವಿಗೊಟ್ಟರೆ ಕೇಳಿಸೀತೆಂದು ಅಡಿಗೆಮನೆಯ ರೇಡಿಯೋ ಜೋರು ಮಾಡಿ ಬರುತ್ತಿದ್ದಳು. ಕೆಲವು ದಿನ ಹೊಟ್ಟೆಕಿಚ್ಚಿಗೆ ತಪ್ಪು ಉತ್ತರಕ್ಕೆ ಪೂರ್ತಿ ಅಂಕ ಹಾಕಿ ಆಮೇಲೆ ಹೊಡೆದುಹಾಕಿದ್ದೂ ಉಂಟು. ನೋಟುಬುಕ್ಕಿನ ಅಂಕಿ ಮಾತ್ರ ಇಳಿಯುತ್ತ ಹೋಯಿತು. ಇಪ್ಪತ್ತೆಂಟು, ಹತ್ತೊಂಬತ್ತು, ಹನ್ನೊಂದು. ನಫೀಸಾ ಫೋನ್ ಮಾಡಿ, ತಮ್ಮ ಗೋಡೆಯ ಮೇಲಿನ ದೀಪ ಈಗ ಉಳಿದೆಂಟರ ಜೊತೆಗೇ ಆರುತ್ತಿದೆ ಎಂದರು.

ದೀಪಾವಳಿಯ ಮುಂಚಿನ ಒಂದು ಸಂಜೆ, ಐದೂಕಾಲಿಗೇ ಒಳಗೆ ದನಿ ನಿಂತಿತು. ಆಮೇಲೆ ಗಂಟೆ ಬಾರಿಸಿತು. ಕಸ್ತೂರಿ ಗಾಬರಿಯಾಗಿ ಒಳಗೆ ಓಡಿದಳು. ಗುರುನಾಥ ಆರಾಮವಾಗಿದ್ದ.

"ಕೂಡು" ಎಂದಿತು ಸ್ಪೀಕರು. "ಇವತ್ತ ಆಕಿಗೆ ಹೇಳೂದು ಏನೂ ಉಳಿದಿಲ್ಲ."

ಕಸ್ತೂರಿ ಕೂಡಲಿಲ್ಲ. "ಆಕಿಗೆ ಹೇಳಿ ಮುಗದ ಮ್ಯಾಲೆ ನನಗೇನೂ ಹೇಳಬ್ಯಾಡ್ರಿ. ಪಂಕ್ತಿ ಎದ್ದ ಮ್ಯಾಲೆ ಉಣ್ಣಾಕಿ ನಾನಲ್ಲ."

ಅವನ ಕಣ್ಣಲ್ಲಿ ನಗೆ ಕಂಡಿತು. ಎರಡು ವರ್ಷದಲ್ಲಿ ಅವಳು ಕಂಡಿರಲಿಲ್ಲ ಅದನ್ನು. ನಿಧಾನವಾಗಿ ಕಣ್ಣು ಮುಚ್ಚಿ ತೆಗೆದ.

"ಹೇಳೂದಿಲ್ಲ. ನೀ ಹೇಳು. ನಾ ಗಾಡಿ ಮ್ಯಾಲಿದ್ದೆ, ಮನಿಗೆ ಬಂದ್ರೂ ಗಾಡಿ ಮ್ಯಾಲೇ ಇದ್ದೆ. ನಿನ್ನ ಸುದ್ದಿ ಕೇಳೇ ಇಲ್ಲ."

ಇಷ್ಟು ದಿನ ಅವನ ಮಾತಿಗಾಗಿ ಉರಿದವಳಿಗೆ ತನ್ನ ಮಾತು ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಸ್ಟೂಲನ್ನು ಹಾಸಿಗೆಯ ಹತ್ತಿರ ಎಳೆದುಕೊಂಡಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಇವತ್ತ ನಮ್ಮ ಎಂಟನೇ ಕ್ಲಾಸಿನ ಹುಡಿಗ್ಯಾರು ಏನ ಮಾಡಿದ್ರು ಗೊತ್ತೇನ್ರಿ..." ಎಂದು ಆರಂಭಿಸಿದಳು.